ಆಚೆ ದಡದ ಅಕ್ಕ

ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದವಳು ಸೆರ್ಪಿಲ್. ಆದರೆ ಮನೆ ನೋಡಿ, ಹೀಗಳೆದು, ಬಾಡಿಗೆ ಚೌಕಾಸಿ ಮಾಡಿ ನನ್ನ ಕೈಯಿಂದ ಬೀಗದ ಕೈ ಇಸಿದುಕೊಂಡವಳು ಅವಳ ಅಕ್ಕ ಮುಕದ್ದೆಸ್. ಇಬ್ಬರೂ ಆಯ್ವಲಿಕ್‌ನಿಂದ ಬೆಳಗಿನ ಹಡಗಿನಲ್ಲಿ ಬಂದಿದ್ದರು. ಆಯ್ವಲಿಕ್ ಅಂದರೆ ಸಮುದ್ರದಾಚೆಯ ತುರ್ಕಿ ಊರು. ನಮ್ಮ ಗ್ರೀಕ್ ದ್ವೀಪದ ಮಿತಿಲಿನಿ ಬಂದರಿನಲ್ಲಿ ಬೆಳಿಗ್ಗೆ ಹಡಗು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಗಾಳಿ ಬೀಸಿ ಮಂಜು ಹರಿದ ದಿನ ನನ್ನ ಮಾಳಿಗೆಯಿಂದ ಅಲ್ಲಿನ ಗುಡ್ಡಗಳು ಕಾಣುತ್ತವೆ.

ಮುಕದ್ದೆಸ್ ಬಚ್ಚಲಿಗೆ ತಲೆ ಹಾಕಿ ಹೊರಗೆ ಬಂದಳು.

“ಇದರೊಳಗೆ ನನ್ನ ತಂಗಿ ಸ್ನಾನ ಮಾಡಬೇಕೋ, ನಿಂತ್ಕೊಂಡು ತಪಸ್ಸು ಮಾಡಬೇಕೋ? ತಿರುಗೋಕೂ ಜಾಗ ಇಲ್ವಲ್ಲ!”

“ನಿನ್ನ ತಂಗಿ ಕಡ್ಡಿ ಹಾಗಿದ್ದಾಳೆ, ಅವಳಿಗೆ ಧಾರಾಳ ಆಯ್ತು. ಮನೆ ಕೊಡ್ತಿರೋದು ಅವಳಿಗೆ, ನಿನಗಲ್ಲ,” ಎಂದೆ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನನ್ನ ಸೊಂಟವೂ ಅವಳದಕ್ಕಿಂತ ಕಡಿಮೆಯದೇನಲ್ಲ. ಇಬ್ಬರಿಗೂ ನಗು ಬಂತು. ಅಲ್ಲಿಂದ ನಮ್ಮ ಸ್ನೇಹ ಶುರು.

ಅವಳ ಗ್ರೀಕ್ ಭಾಷೆ ನಮ್ಮ ಅಜ್ಜಿಯರ ಕಾಲದ್ದು. ಅವಳ ಅಜ್ಜಿ ಇದೇ ದ್ವೀಪದವಳು, ನನ್ನ ಅಜ್ಜ ಅವಳ ಊರಿನವನು. ನೂರು ವರ್ಷದ ಹಿಂದೆ ಎರಡೂ ಸರ್ಕಾರಗಳು ಕೂತು ಅಲ್ಲಿನ ಕ್ರೈಸ್ತರನ್ನು ಇಲ್ಲಿಗೆ, ಇಲ್ಲಿನ ಮುಸ್ಲಿಮರನ್ನು ಅಲ್ಲಿಗೆ ಅಟ್ಟಿದವು. ಅಂಥ ಕತೆ ಇಲ್ಲದ ಮನೆ ನಮ್ಮ ಬೀದಿಯಲ್ಲಿ ಇಲ್ಲ. ಅದನ್ನು ಯಾರೂ ಹೆಚ್ಚು ಆಡುವುದೂ ಇಲ್ಲ.

ಸೆರ್ಪಿಲ್ ಅವತ್ತು ಕಿಟಕಿ ಹತ್ತಿರ ನಿಂತು ಬೀದಿಯನ್ನೇ ನೋಡುತ್ತಿದ್ದಳು. ಯಾರಾದರೂ ಹಿಂಬಾಲಿಸಿ ಬಂದಿದ್ದಾರೋ ಎಂದು ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು ಎಂದು ನನಗೆ ಆಮೇಲೆ ತಿಳಿಯಿತು.

ಅವಳಿಗೆ ಗಂಡ ಅಂತ ಒಬ್ಬನಿದ್ದ, ಜೆವ್ದೆತ್ ಎಂದು ಹೆಸರು. ನ್ಯಾಯಾಲಯ ಬಿಡುಗಡೆ ಕೊಟ್ಟಿತ್ತು, ಅವನು ಕೊಟ್ಟಿರಲಿಲ್ಲ. ಮುಕದ್ದೆಸ್ ಆಯ್ವಲಿಕ್ ಪೇಟೆಯಲ್ಲಿ ಒಂದು ಸಣ್ಣ ಟೋಸ್ಟ್ ಅಂಗಡಿ ಇಟ್ಟಿದ್ದಳು. ಬ್ರೆಡ್ಡಿನೊಳಗೆ ಚೀಸು, ಸಾಸೇಜು ತುಂಬಿ ಕಾವಲಿ ಮೇಲೆ ಒತ್ತಿ ಕೊಡುವ ವ್ಯಾಪಾರ. ತಂಗಿ ಅವಳ ಮನೆಗೆ ಬಂದು ಸೇರಿದ ಮೇಲೆ ಜೆವ್ದೆತ್ ಆ ಅಂಗಡಿಯ ಎದುರು ಕುರ್ಚಿ ಹಾಕಿಕೊಂಡು ದಿನವಿಡೀ ಕೂರುತ್ತಿದ್ದ. ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಚಹಾ ತರಿಸಿಕೊಂಡು ಸುಮ್ಮನೆ ನೋಡುತ್ತಿದ್ದ. ಒಂದು ದಿನ ಚಾಕು ತೆಗೆದ. ಅಡ್ಡ ಬಂದ ಮುಕದ್ದೆಸಳ ಅಂಗೈ ಸೀಳಿತು. ಆ ಮೊಕದ್ದಮೆ ನಡೆಯುತ್ತಿದ್ದುದರಿಂದ ಅವನು ದೇಶ ಬಿಡುವಂತಿರಲಿಲ್ಲ. ಊರಿನಲ್ಲಿ ಮಾತ್ರ ಎಂದಿನಂತೆ ಓಡಾಡಿಕೊಂಡಿದ್ದ. ಅವನಣ್ಣಂದಿರು, ಭಾವಂದಿರು ಊರು ತುಂಬ ಇದ್ದರು.

ಆಗ ಮುಕದ್ದೆಸ್ ದಾರಿ ಹುಡುಕಿದಳು. ಸೆರ್ಪಿಲಳ ಕೆಲಸ ಕಂಪ್ಯೂಟರಿನಲ್ಲಿ. ಹಾಲೆಂಡಿನ ಒಂದು ಬಾಡಿಗೆ ಕಾರಿನ ಕಂಪನಿಗೆ ತುರ್ಕಿ ಗಿರಾಕಿಗಳಿಂದ ಬರುವ ದೂರುಗಳನ್ನು ಫೋನಿನಲ್ಲಿ ಕೇಳಿ ಸಮಾಧಾನ ಮಾಡುವುದು. ಎಲ್ಲಿ ಕೂತು ಮಾಡಿದರೂ ನಡೆಯುತ್ತದೆ. ಹೊರದೇಶದ ಕಂಪನಿಗೆ ದೂರದಿಂದಲೇ ದುಡಿಯುವವರಿಗೆ ನಮ್ಮ ಸರ್ಕಾರ ವಾಸದ ಪರವಾನಗಿ ಕೊಡುತ್ತದೆ ಎಂದು ಟೋಸ್ಟ್ ತಿನ್ನಲು ಬಂದ ಯಾರೋ ಪ್ರವಾಸಿ ಹೇಳಿದ್ದನಂತೆ. ಮುಕದ್ದೆಸ್ ಅದನ್ನು ಹಿಡಿದುಕೊಂಡಳು. ವಕೀಲನನ್ನು ಹಿಡಿದಳು, ಆ ಕಡೆಯ ದೊಡ್ಡ ಊರು ಇಜ್ಮಿರ್‌ನಲ್ಲಿರುವ ಗ್ರೀಕ್ ಕಾನ್ಸುಲೇಟಿನ ಬಾಗಿಲು ಸವೆಸಿದಳು.

“ಅವನು ಬರೋಕಾಗದ ಜಾಗ, ಆದ್ರೆ ನನ್ನ ಕಣ್ಣಿಗೆ ಕಾಣೋ ಜಾಗ. ಇದಕ್ಕಿಂತ ಏನು ಬೇಕು ಮಿರ್ಸಿನಿ?” ಎಂದು ನನ್ನ ಮಾಳಿಗೆಯಲ್ಲಿ ನಿಂತು ತನ್ನೂರ ಗುಡ್ಡಗಳ ಕಡೆ ಕೈ ಮಾಡಿದ್ದಳು. “ಐದು ವರ್ಷ ಇವಳು ಇಲ್ಲಿ ತಳ ಊರಿದ್ರೆ ಕಾಯಂ ಆಗುತ್ತೆ. ಆಮೇಲೆ ಇವಳನ್ನ ಯಾರಪ್ಪನೂ ಕದಲಿಸೋ ಹಾಗಿಲ್ಲ.”

ಹಾಗೆ ಸೆರ್ಪಿಲ್ ನನ್ನ ಮನೆಯವಳಾದಳು. ಬೆಳಗಿನಿಂದ ಸಂಜೆಯವರೆಗೆ ಅವಳ ದನಿ ಮೇಲಿಂದ ಇಳಿದು ಬರುತ್ತಿತ್ತು. “ಕ್ಷಮಿಸಿ ಸಾರ್… ಕ್ಷಮಿಸಿ ಮೇಡಂ… ತಪ್ಪಾಯಿತು.” ತುರ್ಕಿ ಧಾರಾವಾಹಿಗಳನ್ನು ನೋಡಿ ನೋಡಿ ನನಗೆ ಅಷ್ಟಿಷ್ಟು ಅರ್ಥವಾಗುತ್ತದೆ.

“ಏನು ಪಾಪ ಮಾಡಿದ್ದಾರೇ ನಿಮ್ಮ ಕಂಪನಿಯವರು, ದಿನಾ ನೀನು ಕ್ಷಮೆ ಕೇಳ್ತೀಯಲ್ಲ?” ಎಂದು ಕೇಳಿದ್ದಕ್ಕೆ ಮೊದಲ ಸಲ ನಕ್ಕಳು. ನನ್ನನ್ನು ‘ಚಿಕ್ಕಮ್ಮ’ ಎಂದು ಕರೆಯಲು ಶುರು ಮಾಡಿದ್ದೂ ಆಗಲೇ.

ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಅಕ್ಕನನ್ನು ನೋಡಲು ಹೋಗುತ್ತಿದ್ದಳು. ಬಂದರಿನಿಂದ ನೇರ ಅಕ್ಕನ ಮನೆ, ಅಕ್ಕನ ಮನೆಯಿಂದ ನೇರ ಬಂದರು. ಮುಕದ್ದೆಸ್ ಅವಳ ಕೈ ಬಿಡುತ್ತಿರಲಿಲ್ಲ. ವಾಪಸು ಬರುವಾಗ ಬ್ಯಾಗಿನ ತುಂಬ ತಿಂಡಿ. ನಾನು ನಮ್ಮ ಕಡೆಯ ಉಪ್ಪು ಹಾಕಿದ ಬೂತಾಯಿ ಮೀನು ಕಟ್ಟಿ ಕಳಿಸಿದರೆ, “ಇಷ್ಟು ಉಪ್ಪು ಹಾಕೋದು ಮೀನು ತಿನ್ನೋಕಾ, ಹೆಣ ಕೆಡದ ಹಾಗಿಡೋಕಾ?” ಎಂದು ಹೇಳಿ ಕಳಿಸುತ್ತಿದ್ದಳು. ಡಬ್ಬಿ ಮಾತ್ರ ಖಾಲಿಯಾಗಿ ಬರುತ್ತಿತ್ತು.

ಮೊದಲ ಪರವಾನಗಿ ಮುಗಿಯುವ ಹೊತ್ತಿಗೆ ನವೀಕರಣಕ್ಕೆ ಅರ್ಜಿ ಹಾಕಬೇಕು. ಹಾಕಿದಳು. ಆದರೆ ಆ ವರ್ಷ ಅವಳ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡುಕೊಂಡಿತು. ಕೆಲಸ ಅದೇ, ಕುರ್ಚಿ ಅದೇ, ಹೆಸರು ಮಾತ್ರ ಬೇರೆ. ಹಳೆ ಕಾಗದದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು. ಕಡತ ವಾಪಸು ಬಂತು. ಹಾಲೆಂಡಿನಿಂದ ಪತ್ರ ತರಿಸಿದಳು. ಅದಕ್ಕೆ ಮೊಹರು ಬೇಕೆಂದರು. ಮೊಹರು ಹಾಕಿಸಿದಳು, ಅನುವಾದ ಬೇಕೆಂದರು. ಅಷ್ಟರಲ್ಲಿ ಹಳೆ ಪರವಾನಗಿ ಕಾರ್ಡಿನ ಅವಧಿ ಮುಗಿದು, ಕೈಯಲ್ಲಿ ಉಳಿದದ್ದು ಅರ್ಜಿ ತಲುಪಿದೆ ಎನ್ನುವ ರಸೀದಿಯೊಂದೇ.

ಪರವಾನಗಿ ಕಚೇರಿಯ ಗುಮಾಸ್ತ ಪ್ರೊಕೋಪಿಸ್ ನನಗೆ ಗೊತ್ತಿದ್ದವನು. ಶಾಲೆಯ ಅಡುಗೆಮನೆಯಲ್ಲಿ ನಾನು ಬೇಯಿಸಿದ್ದನ್ನು ತಿಂದು ಬೆಳೆದವನೇ. ನಾನೂ ಜೊತೆಗೆ ಹೋಗಿ ಕೇಳಿದೆ.

“ಈ ರಸೀದಿ ಇಟ್ಕೊಂಡು ಅವರು ಇಲ್ಲಿರಬಹುದು, ಕೆಲಸ ಮಾಡಬಹುದು,” ಎಂದ. “ದೇಶ ಬಿಟ್ಟು ಹೋಗೋಕೂ ಯಾರೂ ತಡೆಯಲ್ಲ. ಆದ್ರೆ ವಾಪಸು ಬರುವಾಗ ಬಂದರಿನಲ್ಲಿ ನಿಲ್ಲಿಸಿದ್ರೆ ನಾನೇನೂ ಮಾಡೋಕಾಗಲ್ಲ. ಮತ್ತೆ ವೀಸಾ ಮೊದಲಿಂದ. ಐದು ವರ್ಷದ ಲೆಕ್ಕಾನೂ ಮೊದಲಿಂದ.”

“ಎಷ್ಟು ದಿನ ಆಗುತ್ತಪ್ಪ ಕಾರ್ಡು ಬರೋಕೆ?”

ಅವನು ತನ್ನ ಹಿಂದಿನ ಕಡತಗಳ ರಾಶಿಯನ್ನು ತೋರಿಸಿದ.

ಹೀಗೆ ಸೆರ್ಪಿಲ್ ದ್ವೀಪದಲ್ಲಿ ಸಿಕ್ಕಿಕೊಂಡಳು. ಮುಕದ್ದೆಸ್ ತಾನೇ ಬಂದಳು, ಬಂದರಿನಲ್ಲೇ ಕೊಡುವ ವಾರದ ವೀಸಾ ಮೇಲೆ ಎರಡು ಸಲ. ಎರಡನೆಯ ಸಲ ಬಂದಾಗ ಅವಳ ಬಟ್ಟೆ ಸಡಿಲವಾಗಿತ್ತು.

“ಇಳಿದುಬಿಟ್ಟಿದ್ದೀಯಲ್ಲೇ!” ಎಂದೆ.

“ನಿನ್ನ ಬಚ್ಚಲಿಗೆ ಹೊಂದೋ ಹಾಗೆ ಆಗ್ತಿದೀನಿ,” ಎಂದಳು.

ಆಮೇಲೆ ಬರಲಿಲ್ಲ. ಅಂಗಡಿಯಲ್ಲಿ ಜನ ಜಾಸ್ತಿ ಎಂದಳು, ಮೊಣಕಾಲು ನೋವು ಎಂದಳು. ಫೋನಿನಲ್ಲಿ ಮುಖ ತೋರಿಸಿ ಮಾತಾಡುತ್ತಿದ್ದವಳು ಬರೀ ದನಿಗೆ ಇಳಿದಳು. ಕ್ಯಾಮೆರಾ ಒಡೆದಿದೆಯಂತೆ. ಸೆರ್ಪಿಲ್ ನಂಬಿದಳೋ, ನಂಬಲು ಪ್ರಯತ್ನಿಸಿದಳೋ.

ನಿಜ ಗೊತ್ತಾದದ್ದು ಅವಳ ಕೆಲಸದ ಫೋನಿನಿಂದಲೇ. ಒಂದು ಮಧ್ಯಾಹ್ನ ಯಾರೋ ಗಂಡಸು, ಕಾರಿನ ಟೈರು ಪಂಕ್ಚರ್ ಎಂದು ಕೂಗಾಡುತ್ತ ಕರೆ ಮಾಡಿದ. ಎಲ್ಲಿದ್ದೀರಿ ಎಂದು ಕೇಳಿದರೆ ಆಯ್ವಲಿಕ್ ಪೇಟೆ ಎಂದ. ಎದುರಿಗೆ ಏನು ಕಾಣುತ್ತದೆ ಎಂದು ಗುರುತಿಗಾಗಿ ಕೇಳುವುದು ಅವರ ಕೆಲಸದ ಕ್ರಮ. ಅವನು ಕಂಡದ್ದನ್ನೆಲ್ಲ ಹೇಳಿದ. ಔಷಧದ ಅಂಗಡಿ, ನಲ್ಲಿಕಟ್ಟೆ, ಬಾಗಿಲು ಹಾಕಿದ ಒಂದು ಟೋಸ್ಟ್ ಅಂಗಡಿ.

“ಇವತ್ತು ಯಾಕೆ ಹಾಕಿದೆ ಅದು?” ಎಂದಳಂತೆ ಸೆರ್ಪಿಲ್, ತಡೆಯಲಾರದೆ.

“ನನ್ನ ಟೈರಿಗೂ ಅದಕ್ಕೂ ಏನಮ್ಮಾ ಸಂಬಂಧ?” ಎಂದು ರೇಗಿದ ಅವನು ಪಕ್ಕದಲ್ಲಿದ್ದವರನ್ನು ಕೇಳಿ, “ಬಹಳ ದಿನದಿಂದ ಮುಚ್ಚಿದೆಯಂತೆ. ಆ ಹೆಂಗಸು ಇಜ್ಮಿರ್ ಆಸ್ಪತ್ರೆಯಲ್ಲಿದ್ದಾಳಂತೆ. ಹೊಟ್ಟೆಯ ಕ್ಯಾನ್ಸರ್ ಅಂತೆ. ಈಗ ಯಾರನ್ನ ಕಳಿಸ್ತೀರಿ ಹೇಳಿ,” ಎಂದ.

ಸೆರ್ಪಿಲ್ ಅವನಿಗೆ ಗ್ಯಾರೇಜಿನವರನ್ನು ಕಳಿಸಿದಳು. ಕ್ಷಮೆಯನ್ನೂ ಕೇಳಿದಳು. ಆಮೇಲೆ ಕಿವಿಯಿಂದ ಹೆಡ್‌ಫೋನ್ ತೆಗೆಯದೆ ಹಾಗೇ ಕೆಳಗಿಳಿದು ನನ್ನ ಅಡುಗೆಮನೆಗೆ ಬಂದಳು. ಕಿತ್ತ ವೈರು ಅವಳ ಹಿಂದೆ ಮೆಟ್ಟಿಲ ಮೇಲೆ ಎಳೆದುಕೊಂಡು ಬರುತ್ತಿತ್ತು.

“ಚಿಕ್ಕಮ್ಮ, ಅಕ್ಕ ನನಗೆ ಹೇಳಿಲ್ಲ,” ಎಂದಳು.

ನನ್ನೆದುರೇ ಫೋನ್ ಮಾಡಿದಳು. ಮುಕದ್ದೆಸ್ ಎತ್ತಿದಳು.

“ಹೇಳಿದ್ರೆ ಏನ್ಮಾಡ್ತಿದ್ದೆ? ಓಡಿ ಬರ್ತಿದ್ದೆ. ಅದಕ್ಕೇ ಹೇಳ್ಲಿಲ್ಲ.”

“ನಾಳೆ ಬರ್ತೀನಿ.”

“ಬಾ ನೋಡೋಣ. ನನಗೆ ತಂಗಿ ಅನ್ನೋಳು ಇಲ್ಲ, ಯಾವಳನ್ನೂ ಒಳಗೆ ಬಿಡಬೇಡಿ ಅಂತ ನರ್ಸ್‌ಗೆ ಹೇಳಿಬಿಡ್ತೀನಿ. ಅವಮಾನ ಆಗಿ ವಾಪಸು ಹೋಗ್ತೀಯ. ಹೋಗೋಕೂ ಬಿಡಲ್ಲ ನಿನ್ನ, ಆ ಜೆವ್ದೆತ್ ನಾಯಿ ಕಾಯ್ತಾ ಕೂತಿದ್ದಾನೆ.”

“ಅಕ್ಕ, ನೀನು ಹೀಗೆ ಮಾತಾಡಬೇಡ.”

“ಮತ್ತೆ ಹೆಂಗೆ ಮಾತಾಡ್ಲಿ? ಹಾಡು ಹೇಳ್ಲಾ?”

ಸೆರ್ಪಿಲ್ ವಕೀಲನನ್ನು ಕೇಳಿದಳು. ಅವನೂ ಪ್ರೊಕೋಪಿಸ್ ಹೇಳಿದ್ದನ್ನೇ ಹೇಳಿದ. ಆದರೂ ಟಿಕೆಟ್ ತೆಗೆದಳು. ನಾನು ಬೇಡ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬೆಳಿಗ್ಗೆ ಅವಳ ಜೊತೆ ಬಂದರಿಗೆ ನಡೆದೆ. ಪಾಸ್‌ಪೋರ್ಟ್ ನೋಡುವ ಕಿಟಕಿಯ ಮುಂದೆ ಸಾಲು ನಿಂತಿತ್ತು. ಅವಳ ಮುಂದೆ ನಾಲ್ಕಾರು ಜನ ಉಳಿದಿದ್ದಾಗ ಅಕ್ಕನ ಫೋನ್ ಬಂತು.

“ಎಲ್ಲಿದ್ದೀಯೇ?”

“ಮನೇಲಿ.”

“ಸುಳ್ಳಿ. ಹಡಗಿನ ಕೂಗು ಕೇಳಿಸ್ತಿದೆ ನನಗೆ.”

ಸಾಲು ಒಂದು ಹೆಜ್ಜೆ ಮುಂದೆ ಹೋಯಿತು, ಸೆರ್ಪಿಲ್ ಹೋಗಲಿಲ್ಲ.

“ನೋಡು, ಇವತ್ತು ಮೊಟ್ಟೆ ತಿಂದೆ. ಒಂದಲ್ಲ, ಎರಡು. ಬೇಕಾದ್ರೆ ಗುಲ್ಸುಮ್‌ನ ಕೇಳು, ಇಲ್ಲೇ ಕೂತಿದ್ದಾಳೆ.” ಗುಲ್ಸುಮ್ ಅವರ ಪಕ್ಕದ ಮನೆಯವಳು, ಆಸ್ಪತ್ರೆಯಲ್ಲಿ ಜೊತೆಗಿದ್ದವಳು. “ಮುಂದಿನ ತಿಂಗಳು ಆಪರೇಷನ್ ಮಾಡ್ತಾರಂತೆ. ಅಷ್ಟೊತ್ತಿಗೆ ನಿನ್ನ ಕಾರ್ಡೂ ಬಂದಿರುತ್ತೆ. ಆಗ ಬಾ. ತಲೆ ಹತ್ರ ಕೂತು ಬೇಕಾದಷ್ಟು ಅಳುವಿಯಂತೆ, ಯಾರು ಬೇಡ ಅಂತಾರೆ?”

“ನನಗೆ ನಿನ್ನ ನೋಡಬೇಕು ಅಕ್ಕ.”

“ನಿನ್ನ ಊರು ದಾಟಿಸೋಕೆ ನಾನು ಎಷ್ಟು ಒದ್ದಾಡಿದೆ ಅಂತ ನಿನಗೆ ಗೊತ್ತು. ಅದನ್ನ ಇವತ್ತು ನೀರಿಗೆ ಹಾಕಬೇಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ.”

ಸೆರ್ಪಿಲ್ ಸಾಲಿನಿಂದ ಹೊರಗೆ ಬಂದಳು. ಬ್ಯಾಗನ್ನು ನೆಲಕ್ಕಿಟ್ಟು ಅದರ ಮೇಲೆಯೇ ಕೂತಳು. ಹಡಗು ಹೊರಟಿತು. “ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ ಚಿಕ್ಕಮ್ಮ. ಅಮ್ಮ ಸತ್ತ ಮೇಲೆ ನನ್ನ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು. ನನ್ನ ಕಾಲಿಗೆ ಬೀಳ್ತೀನಿ ಅಂದಳಲ್ಲ,” ಎಂದಳು.

ಮೊಟ್ಟೆ ತಿಂದದ್ದು ಸುಳ್ಳು. ಆಪರೇಷನ್ನೂ ಸುಳ್ಳು. ವೈದ್ಯರು ಅದರ ಆಸೆ ಬಿಟ್ಟು ಆಗಲೇ ಬಹಳ ದಿನವಾಗಿತ್ತು. ಆ ವಾರ ಕಳೆಯುವುದರೊಳಗೆ ಮುಕದ್ದೆಸ್ ಹೋಗಿಬಿಟ್ಟಳು.

ಗುಲ್ಸುಮ್ ಹೇಳಿದಾಗ ನಾನು ಹೋ ಎಂದು ಅತ್ತೆ. ಸೆರ್ಪಿಲ್ ಅಳಲಿಲ್ಲ. “ಈಗಲಾದ್ರೂ ಹೋಗು ಮಗಳೇ, ಮಣ್ಣಿಗಾದ್ರೂ ಹೋಗು. ಬಂದರಿನವರ ಹತ್ರ ನಾನು ಮಾತಾಡ್ತೀನಿ, ಪ್ರೊಕೋಪಿಸ್‌ನ ಕಾಲು ಹಿಡಿತೀನಿ,” ಎಂದೆ.

“ಬೇಡ. ಬದುಕಿದ್ದಾಗ ಹೋಗಲಿಲ್ಲ. ಈಗ ಹೋದ್ರೆ ಅವಳ ಮಾತನ್ನೂ ಮುರಿದ ಹಾಗಾಗುತ್ತೆ,” ಎಂದಳು.

ಮಾರನೆಯ ದಿನ ಮಧ್ಯಾಹ್ನದ ನಮಾಜಿನ ಮೇಲೆ ಆಯ್ವಲಿಕ್‌ನಲ್ಲಿ ಮಣ್ಣು. ಗುಲ್ಸುಮ್ ಮಸೀದಿಯ ಅಂಗಳದಲ್ಲಿ, ಹೆಂಗಸರ ಜೊತೆ ಹಿಂದೆ ನಿಂತು ಫೋನನ್ನು ಎತ್ತಿ ಹಿಡಿದಿದ್ದಳು. ನಾವಿಬ್ಬರೂ ಮೇಲಿನ ಕೋಣೆಯಲ್ಲಿ ಮೇಜಿನ ಮುಂದೆ ಕೂತು ಕೇಳಿದೆವು. ನಾನು ಶಿಲುಬೆ ಗುರುತು ಮಾಡಿಕೊಂಡೆ. ನನಗೆ ಬರುವುದು ಅಷ್ಟೇ.

ಅವರಲ್ಲಿ ಒಂದು ಪದ್ಧತಿ ಇದೆ. ಹೆಣದ ಮುಂದೆ ನಿಂತು ಇಮಾಮರು ಸೇರಿದವರನ್ನು ಕೇಳುತ್ತಾರೆ: ಸತ್ತವರ ಮೇಲೆ ನಿಮ್ಮ ಹಕ್ಕು, ಋಣ ಏನಾದರೂ ಇದ್ದರೆ ಬಿಟ್ಟುಕೊಟ್ಟಿರಾ? ಎಲ್ಲರೂ ಒಟ್ಟಿಗೆ, ಬಿಟ್ಟುಕೊಟ್ಟೆವು ಎನ್ನಬೇಕು. ಮೂರು ಸಲ ಹೀಗೆ ಕೇಳುತ್ತಾರೆ. ಇಮಾಮರು ಕೇಳಿದರು. ಫೋನಿನಲ್ಲಿ ಗುಂಪಿನ ದನಿ ಮೊರೆಯಿತು. ಸೆರ್ಪಿಲ್ ಇಲ್ಲಿಂದ ಹೇಳಲು ಬಾಯಿ ತೆರೆದವಳು ತಟ್ಟನೆ ನಿಲ್ಲಿಸಿದಳು. ಎರಡನೆಯ ಸಲವೂ ಹೇಳಲಿಲ್ಲ.

“ಅವನು,” ಎಂದಳು. “ಎಲ್ಲರಿಗಿಂತ ಜೋರಾಗಿ ಹೇಳ್ತಿದ್ದಾನಲ್ಲ, ಅವನೇ.”

ಜೆವ್ದೆತ್ ಮುಂದಿನ ಸಾಲಿನಲ್ಲಿದ್ದನಂತೆ. ಹೆಣಕ್ಕೆ ಹೆಗಲು ಕೊಡಲೂ ಬಂದನಂತೆ. ಸಾವಿನ ಮನೆಯಲ್ಲಿ ಜಗಳ ಬೇಡವೆಂದು ಯಾರೂ ತಡೆಯಲಿಲ್ಲ. ಗುಲ್ಸುಮ್ ಇನ್ನೊಂದು ಮಾತನ್ನೂ ಹೇಳಿದಳು. ಸುದ್ದಿ ತಿಳಿದ ಹೊತ್ತಿನಿಂದ ಮಸೀದಿಗೆ ಬರುವವರೆಗೂ ಅವನು ಇಸ್ತ್ರಿ ಮಾಡಿದ ಸೂಟು ಹಾಕಿಕೊಂಡು, ಅಣ್ಣಂದಿರನ್ನು ಕರೆದುಕೊಂಡು ಹಡಗುಕಟ್ಟೆಯಲ್ಲೇ ಇದ್ದನಂತೆ. ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದನಂತೆ.

ಮುಕದ್ದೆಸ್ ಹೇಳಿದ್ದು ಸರಿಯಾಗಿಯೇ ಇತ್ತು. ಅದರಿಂದ ಏನಾದರೂ ಸಮಾಧಾನ ಸಿಗಬಹುದು ಎಂದು ನಾನು ಅಂದುಕೊಂಡಿದ್ದೆ. ಸೆರ್ಪಿಲಳಿಗೆ ಸಿಗಲಿಲ್ಲ. “ಸರಿ ಇದ್ದಳು ಚಿಕ್ಕಮ್ಮ. ಯಾವಾಗಲೂ ಅವಳೇ ಸರಿ. ಒಂದು ಸಲವಾದ್ರೂ ತಪ್ಪಬಾರದಿತ್ತಾ?” ಎಂದಳು. ಆಗ ಅತ್ತಳು. ಮೇಜಿನ ಮೇಲೆ ತಲೆಯಿಟ್ಟು, ಕಂಪ್ಯೂಟರನ್ನು ತಬ್ಬಿಕೊಂಡು ಅತ್ತಳು.

ಮರುದಿನವೇ ಕೆಲಸಕ್ಕೆ ಕೂತಳು. ರಜೆ ಕೇಳು ಎಂದರೆ, ಕೆಲಸ ಕಡಿಮೆಯಾದರೆ ಸಂಬಳದ ಕಾಗದದಲ್ಲಿ ಬರುತ್ತದೆ, ಅದು ಪರವಾನಗಿಯ ಕಡತಕ್ಕೆ ಹೋಗುತ್ತದೆ ಎಂದಳು. ಆ ವಾರ ಒಬ್ಬ ಗಿರಾಕಿ, ಮುಂಗಡ ಹಣ ವಾಪಸು ಬಂದಿಲ್ಲ ಎಂದು ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಇವಳು ಕ್ಷಮಿಸಿ ಎನ್ನುವ ಬದಲು, “ನನ್ನ ಅಕ್ಕ ಸತ್ತುಹೋದಳು,” ಎಂದುಬಿಟ್ಟಳಂತೆ. ಅವನು, “ದೇವರು ಅವರಿಗೆ ಸ್ವರ್ಗ ಕೊಡಲಿ ತಾಯಿ. ನನ್ನ ಹಣ ಯಾವತ್ತು ಬರುತ್ತೆ?” ಎಂದನಂತೆ. ಇದನ್ನು ನನಗೆ ಹೇಳುವಾಗ ಅವಳು ನಗುತ್ತಿದ್ದಳು. ಆ ನಗುವನ್ನು ನನಗೆ ನೋಡಲಾಗಲಿಲ್ಲ.

ನವೀಕರಿಸಿದ ಕಾರ್ಡು ಬಂತು. ಬೇಸಿಗೆ ಮುಗಿಯುತ್ತಿದ್ದಾಗ ಪ್ರೊಕೋಪಿಸ್ ತಾನೇ ಫೋನ್ ಮಾಡಿ ಕರೆದ. ಅವಳು ಹೋಗಿ ತಂದು ಮೇಜಿನ ಡ್ರಾಯರಿನಲ್ಲಿಟ್ಟಳು. ಆಚೆ ದಡಕ್ಕೆ ಹೋಗಬಹುದಾಗಿತ್ತು, ಹೋಗಲಿಲ್ಲ. ಮಾಳಿಗೆಗೆ ಬಟ್ಟೆ ಒಣಗಿಸಲು ಹೋದರೂ ಸಮುದ್ರಕ್ಕೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದಳು. ಹೀಗೆ ಎರಡು ಚಳಿಗಾಲ ಕಳೆದವು.

ಕಾಯಂ ಪರವಾನಗಿಗೆ ಗ್ರೀಕ್ ಭಾಷೆಯ ಪರೀಕ್ಷೆ ಆಗಬೇಕು. ಸಂಜೆ ಕಾಳು ಆರಿಸುತ್ತ, ಮೀನು ತೊಳೆಯುತ್ತ ನಾನೇ ಕಲಿಸಿದೆ. ಒರಟು ಮಾತು ಬೇಗ ಕಲಿತಳು, ವ್ಯಾಕರಣ ತಡವಾಗಿ. ಪರೀಕ್ಷೆಯ ದಿನ ನಾನು ಹೊರಗಿನ ಬೆಂಚಿನ ಮೇಲೆ ಕಾದೆ. ಬಂದವಳ ಮುಖ ಬಿಗಿದುಕೊಂಡಿತ್ತು.

“ಏನು ಕೇಳಿದ್ರೇ?”

“ನಿಮ್ಮ ಕುಟುಂಬದ ಬಗ್ಗೆ ಹೇಳಿ ಅಂದ್ರು.”

“ನೀನು?”

“ನನಗೊಬ್ಬಳು ಅಕ್ಕ ಇದ್ದಾಳೆ ಅಂದೆ. ಟೋಸ್ಟ್ ಅಂಗಡಿ ಇಟ್ಟಿದ್ದಾಳೆ. ಜೋರು ಬಾಯಿ. ಭಾನುವಾರ ನನಗೆ ತಿಂಡಿ ಕಟ್ಟಿ ಕಳಿಸ್ತಾಳೆ.” ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. “ಇದ್ದಳು ಅನ್ನೋದು ನನಗೆ ಬರುತ್ತೆ ಚಿಕ್ಕಮ್ಮ. ನೀನು ಕಲಿಸಿದ್ದೀಯ. ಬಾಯಿಗೆ ಬರಲಿಲ್ಲ. ಪರೀಕ್ಷೆ ಮಾಡಿದ ಮೇಷ್ಟ್ರು, ಕ್ರಿಯಾಪದಗಳೆಲ್ಲ ಸರಿಯಾಗಿವೆ, ಚೆನ್ನಾಗಿ ಕಲಿತಿದ್ದೀರಿ ಅಂದ್ರು.”

ಪಾಸಾದಳು. ಕಾಯಂ ಕಾರ್ಡು ಕೈಗೆ ಬಂದ ದಿನ ಪ್ರೊಕೋಪಿಸ್ ಎದ್ದು ನಿಂತು ಕೈಕುಲುಕಿದ. “ಇನ್ನು ನೀವು ನಮ್ಮವರು,” ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ಬೀದಿಯವರಿಗೆಲ್ಲ ಸಿಹಿ ಹಂಚಬೇಕೆಂದು ತಂದಿದ್ದೆ. ಬೇಡ ಎಂದಳು. ನಾನೂ ಒತ್ತಾಯಿಸಲಿಲ್ಲ.

ಆಮೇಲೊಂದು ಶನಿವಾರ, ನನಗೂ ಹೇಳದೆ ಬೆಳಗಿನ ಹಡಗು ಹತ್ತಿದಳು. ಜೆವ್ದೆತ್ ಆ ಊರಿನಲ್ಲಿ ಇರಲಿಲ್ಲ. ಯಾವುದೋ ಹೆಂಗಸಿನ ಜೊತೆ ಬೇರೆ ಕಡೆ ಹೋಗಿ ವರ್ಷವಾಗುತ್ತ ಬಂದಿತ್ತಂತೆ. ಗುಲ್ಸುಮ್ ಅವಳನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದಳು. ಕಲ್ಲು ಹಾಕಿಸಿರಲಿಲ್ಲ, ಮರದ ಹಲಗೆಯೊಂದನ್ನು ನೆಟ್ಟಿದ್ದರು. ಹೆಸರು ಬಿಸಿಲಿಗೆ ಮಾಸಿತ್ತು. ಸೆರ್ಪಿಲ್ ಅಲ್ಲಿ ಕೂತು ಏನು ಹೇಳಿದಳೋ ಗುಲ್ಸುಮ್‌ಗೆ ಕೇಳಿಸಲಿಲ್ಲ. ಹೆಸರಿನ ಕಲ್ಲು ಹಾಕಿಸಲು ಹೇಳಿಬಂದಳು. ಸಂಜೆಯ ಹಡಗಿಗೆ ವಾಪಸಾದಳು.

ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಬಂದು, ಕಡಲೆಕಾಳಿನ ಸಾರಿಗೆ ರೊಟ್ಟಿ ಅದ್ದಿಕೊಂಡು ತಿಂದಳು. ಹಸಿದಿದ್ದಳು ಎಂದು ಕಾಣುತ್ತದೆ.

“ಬಂದರಿನಲ್ಲಿ ಏನೂ ತೊಂದರೆ ಆಗಲಿಲ್ವಾ?” ಎಂದು ಕೇಳಿದೆ.

“ಇಲ್ಲ ಚಿಕ್ಕಮ್ಮ. ಕಾರ್ಡು ಕೊಟ್ಟೆ. ಪೊಲೀಸಿನವನು ಇನ್ನೊಬ್ಬನ ಹತ್ರ ಏನೋ ಮಾತಾಡ್ತಾ ಇದ್ದ. ತಲೆ ಎತ್ತಿ ನನ್ನ ಮುಖ ಕೂಡ ನೋಡ್ಲಿಲ್ಲ. ಹೋಗಿ ಅಂದ.”

ಇನ್ನೊಂದು ಸೌಟು ಸಾರು ಬಡಿಸಲು ಹೋದೆ. ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು ಸಾಕು ಎಂದಳು. ಆ ಕೈಯನ್ನು ಬಹಳ ಹೊತ್ತು ತೆಗೆಯಲೇ ಇಲ್ಲ.